ಕನ್ನಡಕ ಕೊಡಿ, ಗೈಡು ಕೊಡಬೇಡಿ

“ಮಾಷ್ಟ್ರೇ, ನಿಮಗೂ ಈ ಹೆಣಗಳ ಆಟಕ್ಕೂ ಏನು ಸಂಬಂಧ ಮಾರಾಯ್ರೇ?” ಎಂದು ಓದುವ ಮೊದಲೇ ಕೆಲವರು ಕೇಳುತ್ತೀರೆಂದು ಗೊತ್ತು. ನಮ್ಮ ಕಾಸರಗೋಡಿನಲ್ಲಿ ‘ಆಟ’ ಎಂದರೆ ಯಕ್ಷಗಾನ, ಉಳಿದದ್ದೆಲ್ಲ ಮಕ್ಕಳಾಟ. ಆದರೂ ಇವತ್ತು ಒಂದು ವೀಡಿಯೋ ಗೇಮಿನ ಬಗ್ಗೆಯೇ ಬರೆಯುತ್ತೇನೆ, ಅದೂ ಸ್ವಲ್ಪ ಜಗಳದ ಧಾಟಿಯಲ್ಲಿ. ಯಾಕೆಂದರೆ ಆ ಹಳೆಯ ಆಟವನ್ನು ಹೊಸತು ಮಾಡುವಾಗ ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆಯನ್ನು ನಾನು ದಿನವೂ ತರಗತಿಯಲ್ಲಿ ಎದುರಿಸುತ್ತೇನೆ. ನೀವೂ ಎದುರಿಸುತ್ತೀರಿ.

ಆಟದ ಹೆಸರು ‘ಡೆಡ್ ರೈಸಿಂಗ್’. ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪೆನಿ 2006ರ ಆಗಸ್ಟಿನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ತಂದದ್ದು. 18 ವರ್ಷ ಕಳೆದ ಮೇಲೆ, 2024ರ ಸೆಪ್ಟೆಂಬರ್ 19ರಂದು, ಅದೇ ಕಂಪೆನಿ ಅದನ್ನು ‘ಡೆಡ್ ರೈಸಿಂಗ್ ಡಿಲಕ್ಸ್ ರಿಮಾಸ್ಟರ್’ ಎಂದು ಮತ್ತೆ ಬಿಟ್ಟಿತು. ಆಟದೊಳಗಿನ ಕಥೆ ಶುರುವಾಗುವುದೂ ಸೆಪ್ಟೆಂಬರ್ 19ರಂದೇ.

ಮೊದಲೇ ಹೇಳಿಬಿಡುತ್ತೇನೆ, ಇದು 18 ದಾಟಿದವರ ಆಟ. ರಕ್ತ, ಕೊಲೆ ಧಾರಾಳವಾಗಿದೆ. ನಮ್ಮ ಶಾಲೆಯ ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುತ್ತಿಲ್ಲ, ಕೊಡಬೇಡಿ ಎಂದೇ ಹೇಳುತ್ತೇನೆ. ಆದರೆ ಹೆತ್ತವರೂ ಅಧ್ಯಾಪಕರೂ ಇಂಥವುಗಳ ಬಗ್ಗೆ ತಿಳಿದುಕೊಂಡಿರಬೇಕು. ತಿಳಿಯದೆ ಬೈಯುವವರ ಮಾತನ್ನು ಮಕ್ಕಳು ಕೇಳುವುದಿಲ್ಲ.

ನನಗೆ ಇದು ಪರಿಚಯವಾದದ್ದು 2007ರ ಮಳೆಗಾಲದಲ್ಲಿ. ಭಾವ ದುಬಾಯಿಯಿಂದ ರಜೆಗೆ ಬರುವಾಗ ಮಗನಿಗೆ ಆ ಯಂತ್ರ ತಂದಿದ್ದರು. ಸೋದರಳಿಯನಿಗೆ ಆಗ 19. ಕನ್ನಡ ಮಾಧ್ಯಮದಲ್ಲೇ ಓದಿದವನು. ಮನೆಯಲ್ಲಿದ್ದದ್ದು ಬೆನ್ನು ಉಬ್ಬಿದ ಹಳೆಯ ಟಿ.ವಿ. ನಾನು ಹೋದಾಗ ಅವನು ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಕುಳಿತಿದ್ದ. ಅಕ್ಕ ಅಡುಗೆಮನೆಯಿಂದಲೇ ಬೈಯುತ್ತಿದ್ದಳು. ಅವನು ತಿರುಗಿ, “ಮಾವ, ಇದರಲ್ಲಿ ಏನು ಬರ್ದದೆ ಅಂತ ನಿಮಗೆ ಓದ್ಲಿಕ್ಕೆ ಆಗ್ತದಾ ನೋಡಿ” ಎಂದ. ನೋಡಿದೆ. ಪರದೆಯ ಅಡಿಯಲ್ಲಿ ಇರುವೆ ಸಾಲು ಹೋದ ಹಾಗೆ ಇಂಗ್ಲಿಷ್ ಅಕ್ಷರಗಳು. ಓದುವಷ್ಟರಲ್ಲಿ ಮಾಯ!

ಆಗ ನನಗೆ ಅನಿಸಿದ್ದು ಇಷ್ಟೇ: ಇವನ ಇಂಗ್ಲಿಷ್ ಸಾಲದು. ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ಊರು ಹೇಳುವುದನ್ನೇ ನಾನೂ ಮನಸ್ಸಿನಲ್ಲಿ ಹೇಳಿಕೊಂಡೆ. ಬಹಳ ವರ್ಷಗಳ ಮೇಲೆ ಗೊತ್ತಾಯಿತು, ತಪ್ಪು ಹುಡುಗನದ್ದಲ್ಲ. ಆ ಅಕ್ಷರಗಳನ್ನು ಹೊಸ ಕಾಲದ ದೊಡ್ಡ, ಸ್ಪಷ್ಟ ಪರದೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದರು. ಹಳೆಯ ಟಿ.ವಿ.ಯಲ್ಲಿ ಅಮೆರಿಕದವರಿಗೂ ಅವು ಓದಲಾಗುತ್ತಿರಲಿಲ್ಲ, ಅಲ್ಲಿಯೂ ದೂರು ಕೇಳಿಬಂದಿತ್ತು.

ಇನ್ನು ಆಟ ಹೇಗೆಂದು ಚುಟುಕಾಗಿ ಹೇಳುತ್ತೇನೆ. ಫ್ರಾಂಕ್ ವೆಸ್ಟ್ ಎಂಬ ಛಾಯಾಗ್ರಾಹಕ ಪತ್ರಕರ್ತ, ಯಾವ ಪತ್ರಿಕೆಯ ಸಂಬಳಗಾರನೂ ಅಲ್ಲ. ಅಮೆರಿಕದ ಕೊಲರಾಡೊದಲ್ಲಿ ವಿಲ್ಲಮೆಟ್ ಎಂಬ ಪುಟ್ಟ ಊರನ್ನು ಸೈನ್ಯ ಮುಚ್ಚಿದೆ ಎಂದು ಕೇಳಿ, ಸುದ್ದಿಯ ಆಸೆಗೆ ಹೆಲಿಕಾಪ್ಟರಿನಲ್ಲಿ ಬಂದು ಅಲ್ಲಿನ ದೊಡ್ಡ ಮಾಲ್ ಒಂದರ ತಾರಸಿಗೆ ಇಳಿಯುತ್ತಾನೆ. ಊರಿನ ಜನಸಂಖ್ಯೆ 53,594. ಹೆಚ್ಚುಕಡಿಮೆ ಎಲ್ಲರೂ ಜಾಂಬಿಗಳಾಗಿದ್ದಾರೆ, ಅಂದರೆ ನಡೆದಾಡುವ ಹೆಣಗಳು. ಹೆಲಿಕಾಪ್ಟರ್ ಮತ್ತೆ ಬರುವುದು 72 ಗಂಟೆ ಕಳೆದು. ಅಷ್ಟರೊಳಗೆ ಇದೆಲ್ಲ ಹೇಗಾಯಿತೆಂದು ಅವನು ಪತ್ತೆ ಮಾಡಬೇಕು, ಪಟ ತೆಗೆಯಬೇಕು, ಸಿಕ್ಕಿಬಿದ್ದ ಬದುಕಿರುವವರನ್ನು ಕಾವಲು ಕೋಣೆಗೆ ಮುಟ್ಟಿಸಬೇಕು.

ಆ 72 ಗಂಟೆ ನಮ್ಮ ಲೆಕ್ಕದಲ್ಲಿ ಸುಮಾರು 6 ಗಂಟೆ. ಗಡಿಯಾರ ಯಾರಿಗೂ ಕಾಯುವುದಿಲ್ಲ. ಒಂದು ಅಂಗಡಿಯಲ್ಲಿ ಹೆಂಗಸೊಬ್ಬಳು ಸಿಕ್ಕಿಬಿದ್ದಿದ್ದಾಳೆ, ಅದೇ ಹೊತ್ತಿಗೆ ಇನ್ನೊಂದು ಕಡೆ ಕಥೆಯ ಮುಖ್ಯ ಸುಳಿವು ಇದೆ. ಎರಡೂ ಕಡೆ ಹೋಗಲಾಗದು. ಮುಖ್ಯ ಸುಳಿವು ತಪ್ಪಿದರೆ ಸತ್ಯ ಇನ್ನು ಸಿಗದು ಎಂದು ಆಟವೇ ಹೇಳುತ್ತದೆ, ಆದರೆ ಆಟ ನಿಲ್ಲುವುದಿಲ್ಲ. ಸೋತವನು ಸೋಲನ್ನು ಇಟ್ಟುಕೊಂಡೇ ಹೆಲಿಕಾಪ್ಟರಿಗೆ ಕಾಯಬಹುದು. ಅಥವಾ ಗಳಿಸಿದ ಶಕ್ತಿಯನ್ನು ಉಳಿಸಿಕೊಂಡು ಮೊದಲಿನಿಂದ ಶುರುಮಾಡಬಹುದು. ಎರಡನೇ ಸಲ ಅವನಿಗೆ ದಾರಿ ಗೊತ್ತು, ಯಾರು ಎಲ್ಲಿ ಎಷ್ಟು ಹೊತ್ತಿಗೆ ಸಾಯುತ್ತಾರೆಂದು ಗೊತ್ತು. ಅನುತ್ತೀರ್ಣನಾದವನು ಅದೇ ತರಗತಿಯಲ್ಲಿ ಮತ್ತೆ ಕುಳಿತು ಜಾಣನಾಗುವ ಕ್ರಮ ಇದು. ಇಷ್ಟು ಗಂಭೀರವಾದ ಯೋಚನೆ ಒಂದು ಹೆಣದಾಟದಲ್ಲಿ ಇದೆಯೆಂದು ನಾನೂ ಎಣಿಸಿರಲಿಲ್ಲ.

ಕಥೆಯೂ ಟೊಳ್ಳಲ್ಲ. ಮಧ್ಯ ಅಮೆರಿಕದ ಸಾಂಟಾ ಕಬೇಸಾ ಎಂಬ ಕಲ್ಪಿತ ಊರಿನಲ್ಲಿ ಅಮೆರಿಕದವರು ದನದ ಮಾಂಸದ ಉತ್ಪಾದನೆ ಹೆಚ್ಚಿಸಲು ಹೋಗಿ ಮಾಡಿದ ಎಡವಟ್ಟಿನಿಂದ ಈ ರೋಗ ಹುಟ್ಟಿತು, ಸುದ್ದಿ ಹೊರಬೀಳದಂತೆ ಆ ಊರನ್ನೇ ಮುಗಿಸಲಾಯಿತು, ಅಲ್ಲಿ ಬದುಕುಳಿದವನೊಬ್ಬ ಅಮೆರಿಕದ ಮಾಲಿನಲ್ಲಿ ಸೇಡು ತೀರಿಸಿದ. ತಿನ್ನುವ, ಕೊಳ್ಳುವ ಚಪಲದ ಮೇಲೆ ಜಪಾನಿನವರು ಕೊಟ್ಟ ಪೆಟ್ಟು ಅದು.

ಹೀಗಿದ್ದ ಆಟದಲ್ಲಿ ನಿಜವಾದ ದೋಷಗಳೂ ಇದ್ದವು. ಅಕ್ಷರದ ಕಥೆ ಹೇಳಿದೆ. ಎರಡನೆಯದು, ಕಾಪಾಡಬೇಕಾದ ಜನರ ದಡ್ಡತನ. “ಬಾ” ಎಂದರೆ ಬರುವುದಿಲ್ಲ, ಬೆಂಚಿಗೆ ತಾಗಿ ನಿಲ್ಲುತ್ತಾರೆ, ಜಾಂಬಿಗಳ ನಡುವೆಯೇ ನುಗ್ಗುತ್ತಾರೆ. ಮೂರನೆಯದು, ಆಟದ ಸ್ಥಿತಿಯನ್ನು ಉಳಿಸಿಡಲು ಒಂದೇ ಜಾಗ, ಅದನ್ನೂ ಶೌಚಾಲಯಕ್ಕೋ ಕಾವಲು ಕೋಣೆಗೋ ಹೋಗಿಯೇ ಉಳಿಸಬೇಕು. ನಮ್ಮ ಮಳೆಗಾಲದ ಕರೆಂಟಿನ ಗತಿ ನಿಮಗೆ ಗೊತ್ತಲ್ಲ! ಅಳಿಯನ ಎರಡು ಗಂಟೆಯ ಶ್ರಮ ಎಷ್ಟೋ ಸಲ ಒಂದು ಗುಡುಗಿಗೆ ಹೋಯಿತು. ನಾಲ್ಕನೆಯದು ಓಟಿಸ್. ಮಾಲಿನ ಈ ಮುದುಕ ನೌಕರ ವಾಕಿಟಾಕಿಯಲ್ಲಿ ಕರೆದು ಸುದ್ದಿ ಹೇಳುತ್ತಾನೆ, ದನಿ ಇಲ್ಲ, ಬರೀ ಆ ಇರುವೆ ಅಕ್ಷರ. ಅದನ್ನು ಓದುವಾಗ ಕೈ ಎತ್ತಿ ಹೊಡೆಯುವಂತಿಲ್ಲ. ಜಾಂಬಿ ಕಚ್ಚಿ ಮಾತು ತುಂಡಾದರೆ ಮತ್ತೆ ಕರೆದು, ನಡುವೆ ಕಡಿದದ್ದಕ್ಕೆ ಬೈಯುತ್ತಾನೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತು. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ, ಕರಿಹಲಗೆಯಲ್ಲಿ ಬರೆದದ್ದನ್ನು ತಪ್ಪು ತಪ್ಪು ನಕಲು ಮಾಡುತ್ತಿದ್ದಳು. ಅಜಾಗ್ರತೆ ಎಂದು ಬೈದೆ, ನಿಲ್ಲಿಸಿದೆ. ಅರ್ಧ ವರ್ಷ ಕಳೆದು ಕಣ್ಣಿನ ತಪಾಸಣೆಯವರು ಶಾಲೆಗೆ ಬಂದಾಗ ಗೊತ್ತಾಯಿತು, ಅವಳಿಗೆ ಹಲಗೆ ಕಾಣುತ್ತಲೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಅವಳ ಪಾಠ ಸುಲಭವಾಗಲಿಲ್ಲ. ಭಾಗಾಕಾರ ಭಾಗಾಕಾರವೇ. ಆದರೆ ಅವಳು ಈಗ ಸೆಣಸುತ್ತಿದ್ದದ್ದು ಲೆಕ್ಕದ ಜೊತೆಗೆ, ಮಸುಕಿನ ಜೊತೆಗಲ್ಲ.

ಮಾತು ಇಷ್ಟೇ. ಹಳೆಯ ಕೃತಿಯನ್ನು ತಿದ್ದುವವರು ಮಸುಕನ್ನು ತೆಗೆಯಬೇಕು, ಲೆಕ್ಕವನ್ನು ತೆಗೆಯಬಾರದು.

ಈ ಅಳತೆಗೋಲಿನಿಂದ 2024ರ ಕೆಲಸವನ್ನು ನೋಡೋಣ. ಮೊನ್ನೆ ಅಳಿಯ ಊರಿಗೆ ಬಂದಿದ್ದ. ಈಗ ಅವನ ತಲೆಯಲ್ಲೂ ನಾಲ್ಕು ಬಿಳಿ ಕೂದಲು. ಲ್ಯಾಪ್‌ಟಾಪಿನಲ್ಲಿ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ತೋರಿಸಿದ. ಕಂಪೆನಿಯವರು ಕಥೆ, ಮಾಲಿನ ನಕ್ಷೆ, ಗಡಿಯಾರ ಎಲ್ಲವನ್ನೂ ಇಟ್ಟುಕೊಂಡು, ತಮ್ಮ ಈಗಿನ ‘ಆರ್‌ಇ ಎಂಜಿನ್’ ಎಂಬ ತಂತ್ರದಲ್ಲಿ ಚಿತ್ರಗಳನ್ನು ಹೊಸದಾಗಿ ಕಟ್ಟಿದ್ದಾರೆ. ಅಕ್ಷರ ಕಾಣುತ್ತದೆ. ಓಟಿಸನಿಗೆ ದನಿ ಬಂದಿದೆ, ಸಿಕ್ಕಿಬಿದ್ದವರೂ ಮಾತಾಡುತ್ತಾರೆ. ಬೆಂಚಿಗೆ ತಾಗಿ ನಿಲ್ಲುತ್ತಿದ್ದವರಿಗೆ ಸ್ವಲ್ಪ ಬುದ್ಧಿ ಬಂದಿದೆ. ಗುರಿ ಹಿಡಿದುಕೊಂಡೇ ನಡೆಯಬಹುದು, ಹಿಂದೆ ಕಂಬದ ಹಾಗೆ ನಿಂತೇ ಗುಂಡು ಹೊಡೆಯಬೇಕಿತ್ತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ಆಟ ತಾನಾಗಿ ಉಳಿಯುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ!

ಇಷ್ಟಕ್ಕೂ ನನ್ನ ಪೂರ್ಣ ಅಂಕ. ‘ಹಳೆಯದೇ ಚಿನ್ನ’ ಎನ್ನುವವರು ಇದಕ್ಕೂ ಮೂಗು ಮುರಿಯುತ್ತಾರೆ. ಕಷ್ಟಪಟ್ಟರೇ ರುಚಿಯಂತೆ, ಆ ಜನರ ದಡ್ಡತನವೇ ತಮಾಷೆಯಂತೆ. ಸ್ವಾಮೀ, ನೀವು ಕಷ್ಟಪಟ್ಟು ಗೆದ್ದಿರಿ, ಸಂತೋಷ. ಆದರೆ ಕಾಣದ ಅಕ್ಷರದಲ್ಲಿ ಯಾವ ಗುಣವೂ ಇಲ್ಲ. “ನಾವು ಚಿಮಿಣಿ ದೀಪದಲ್ಲಿ ಓದಿದವರು” ಎಂದು ಮಕ್ಕಳ ಕೋಣೆಯ ಬಲ್ಬು ತೆಗೆಸುವವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ?

ಅಷ್ಟಕ್ಕೂ ಮೂಲವೇನು ಆಕಾಶದಿಂದ ಬಿದ್ದದ್ದಲ್ಲ. ಮಾಲಿನಲ್ಲಿ ಜಾಂಬಿಗಳು ಎಂಬುದನ್ನು ಜಾರ್ಜ್ ರೊಮೆರೊ 1978ರಲ್ಲಿಯೇ ‘ಡಾನ್ ಆಫ್ ದ ಡೆಡ್’ ಚಿತ್ರದಲ್ಲಿ ತೋರಿಸಿದ್ದರು. ಚಿತ್ರದ ಹಕ್ಕುದಾರರಿಗೂ ಕ್ಯಾಪ್‌ಕಾಮಿಗೂ ವ್ಯಾಜ್ಯವಾಗಿ, 2008ರಲ್ಲಿ ಅಮೆರಿಕದ ನ್ಯಾಯಾಲಯ ಮಾಲಿನಲ್ಲಿ ಜಾಂಬಿಗಳ ಜೊತೆ ಹೋರಾಡುವುದೆಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ ಎಂಬ ನಿಲುವಿನಿಂದ ಹಕ್ಕುದಾರರ ವಾದವನ್ನು ತಳ್ಳಿಹಾಕಿತು. ಎಲ್ಲ ಕೃತಿಯೂ ಹಿಂದಿನ ಯಾವುದರದ್ದೋ ತಿದ್ದುಪಡಿಯೇ. ಆದ್ದರಿಂದ ತಿದ್ದಿದ್ದೇ ಪಾಪ ಎಂಬ ವಾದ ನನಗೆ ಒಪ್ಪಿಗೆಯಿಲ್ಲ.

ಈಗ ಇನ್ನೊಂದು ಬದಿಗೆ ತಿರುಗುತ್ತೇನೆ. ಎಲ್ಲವೂ ನುಣ್ಣಗಾಗಬೇಕು ಎನ್ನುವವರ ಬದಿಗೆ.

ಹೊಸ ಆವೃತ್ತಿಯಲ್ಲಿ ಹೊತ್ತು ಓಡಿಸುವ ಒಂದು ಸೌಲಭ್ಯ ಬಂದಿದೆ. ಮುಂದಿನ ಮುಖ್ಯ ಘಟನೆಗೆ ಇನ್ನೂ ಕೆಲವು ಗಂಟೆ ಇದೆಯೆಂದರೆ, ಆಟ ಉಳಿಸುವ ಜಾಗಕ್ಕೆ ಹೋಗಿ ಗಡಿಯಾರವನ್ನು ಮುಂದೆ ದೂಡಬಹುದು. ಕೇಳಲಿಕ್ಕೆ ಸಣ್ಣ ಸಂಗತಿ. ಆದರೆ 2006ರ ಆಟದಲ್ಲಿ ಆ ಖಾಲಿ ಹೊತ್ತೇ ಪ್ರಾಣ. ಮುಖ್ಯ ಕೆಲಸ ಇಲ್ಲದ ಆ ಸಮಯದಲ್ಲಿ ಏನು ಮಾಡುತ್ತೀ ಎಂದು ಅದು ಕೇಳುತ್ತಿತ್ತು. ಕಾವಲು ಕೋಣೆಯಲ್ಲಿ ಸುಮ್ಮನೆ ಕೂರುತ್ತೀಯೋ, ಇನ್ನೊಂದು ಸುತ್ತು ಹೋಗಿ ಯಾರಾದರೂ ಬದುಕಿದ್ದಾರೆಯೇ ನೋಡುತ್ತೀಯೋ? ಅಳಿಯ ಹೇಳಿದ, “ಮಾವ, ಆಗ ನಾನು ಬೇಜಾರಿಗೆ ಹೊರಗೆ ಹೋದದ್ದು. ಹಾಗೆ ಹೋದದ್ದಕ್ಕೇ ಎಷ್ಟೋ ಜನ ಬದುಕಿದ್ದು. ಈಗ ಗುಂಡಿ ಒತ್ತಿದೆ, ಮುಂದೆ ಹೋದೆ.”

ಅಧ್ಯಾಪಕರೇ, ಈ ಮಾತು ನಿಮಗೆ ತಾಗಲಿಲ್ಲವೇ? ಮಕ್ಕಳ ಬಿಡುವಿನ ಪೀರಿಯಡ್ಡುಗಳನ್ನೆಲ್ಲ ನಾವು ಪರೀಕ್ಷೆಗೆ ಉಪಯೋಗವಿಲ್ಲ ಎಂದು ನುಂಗಿದ್ದೇವೆ. ಆ ಬಿಡುವಿನಲ್ಲೇ ಒಬ್ಬ ಹುಡುಗ ಗ್ರಂಥಾಲಯದ ಕಪಾಟು ತೆರೆಯುತ್ತಿದ್ದ, ಇನ್ನೊಬ್ಬಳು ಹೊಸದಾಗಿ ಸೇರಿದ ಒಂಟಿ ಹುಡುಗಿಯ ಪಕ್ಕ ಹೋಗಿ ಕೂರುತ್ತಿದ್ದಳು. ಖಾಲಿ ಹೊತ್ತು ದೋಷವಲ್ಲ, ಅದೂ ಪಾಠದ ಒಂದು ಭಾಗ.

“ಬೇಡವಾದರೆ ಬಳಸಬೇಡಿ, ಒತ್ತಾಯ ಇಲ್ಲವಲ್ಲ” ಎಂಬುದು ಸಿದ್ಧ ಉತ್ತರ. ಹೌದೇ? ಪಾಠ ಮಾಡಿದ ಮೇಲೆ ಪ್ರಶ್ನೋತ್ತರದ ಗೈಡನ್ನೂ ಮಗುವಿನ ಚೀಲದಲ್ಲಿಟ್ಟು, “ನಿನಗೆ ಬೇಡವಾದರೆ ನೋಡಬೇಡ” ಎನ್ನುವ ಅಧ್ಯಾಪಕನನ್ನು ನೀವು ಏನೆನ್ನುತ್ತೀರಿ? ಸೌಲಭ್ಯ ಒಮ್ಮೆ ಕೈಗೆ ಬಂದರೆ ಅದೇ ದಾರಿ, ಉಳಿದದ್ದು ಹಟ. ಇದನ್ನು ಕೊನೆಯವರೆಗೆ ಒಮ್ಮೆ ಆಡಿದವರಿಗೆ ಮಾತ್ರ ಕೊಟ್ಟಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ತಾನಾಗಿ ಉಳಿಯುವ ವ್ಯವಸ್ಥೆಯ ಬಗ್ಗೆಯೂ ನನಗೆ ಎರಡು ಮನಸ್ಸಿದೆ. ಕರೆಂಟು ಹೋದಾಗ ಅದು ದೇವರು. ಆದರೆ ಅವಸರದಲ್ಲಿ ತಪ್ಪು ದಾರಿ ಹಿಡಿದವನಿಗೂ ಅದು ಅದೇ ಬಾಗಿಲಿನಿಂದ ಮತ್ತೆ ಶುರುಮಾಡಿಸುತ್ತದೆ. ಮೊದಲಿನಿಂದ ಹೊರಟು ಜಾಣನಾಗುವ ಆ ಹಳೆಯ ಕ್ರಮದ ಅಗತ್ಯ ಅಲ್ಲಿಗೆ ಕಡಿಮೆಯಾಗುತ್ತದೆ. ರಬ್ಬರು ಬೇಕು, ಆದರೆ ಬರೆಯುವ ಮೊದಲೇ ರಬ್ಬರು ಹಿಡಿದು ಕೂತವನು ಯೋಚಿಸಿ ಬರೆಯುವುದಿಲ್ಲ. ಗಡಿಯಾರವನ್ನು ಅವರು ಪೂರ್ತಿ ತೆಗೆಯಲಿಲ್ಲ, ಅದಕ್ಕೆ ಕೃತಜ್ಞತೆ. ಗಡಿಯಾರ ತೆಗೆದಿದ್ದರೆ ಉಳಿಯುತ್ತಿದ್ದದ್ದು ಬರೀ ಹೆಣ ಹೊಡೆಯುವ ಕೆಲಸ.

ಇನ್ನು ದನಿ. ಫ್ರಾಂಕ್‌ನ ಪಾತ್ರಕ್ಕೆ 2006ರಲ್ಲಿ ದನಿ ಕೊಟ್ಟಿದ್ದ ಟಿ.ಜೆ. ರೊಟೋಲೊ ಹೊಸದರಲ್ಲಿ ಇಲ್ಲ. ಬೇರೆಯವರು ಮಾತಾಡಿದ್ದಾರೆ, ಮುಖವನ್ನೂ ಸ್ವಲ್ಪ ಬದಲಿಸಿದ್ದಾರೆ. ಹೊಸಬರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಪ್ರಸಂಗ ಅದೇ, ವೇಷ ಅದೇ, ಭಾಗವತರು ಮಾತ್ರ ಬೇರೆ ಎಂದರೆ ಚೌಕಿಯಿಂದಲೇ ಆಟ ಬೇರೆಯಾಯಿತು ಎಂದು ನಮ್ಮ ಊರಿನ ಯಾವ ಅಜ್ಜನೂ ಹೇಳಿಯಾನು.

ಇನ್ನೊಂದು ಬದಲಾವಣೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯದರಲ್ಲಿ ಫ್ರಾಂಕ್ ತೆಗೆದ ಪಟಗಳಿಗೆ ಭಯ, ಹಾಸ್ಯ ಎಂದೆಲ್ಲ ವರ್ಗ ಮಾಡಿ ಅಂಕ ಕೊಡುತ್ತಿದ್ದರು. ಹೆಂಗಸರನ್ನು ಕೆಟ್ಟ ಕಣ್ಣಿನಿಂದ ತೆಗೆದ ಪಟಕ್ಕೂ ಒಂದು ವರ್ಗ, ಅದಕ್ಕೂ ಅಂಕ! ಹೊಸದರಲ್ಲಿ ಆ ವರ್ಗವನ್ನು ತೆಗೆದಿದ್ದಾರೆ. ಇದಕ್ಕೆ ದೊಡ್ಡ ಗಲಾಟೆಯಾಯಿತು, ಕಲೆಯ ಮೇಲೆ ಕತ್ತರಿ ಎಂದು ಕೂಗಿದರು. ನನಗಂತೂ ಕಣ್ಣೀರು ಬರಲಿಲ್ಲ. ಹೋದದ್ದು ಒಳ್ಳೆಯದೇ. ಆದರೆ 2006ರಲ್ಲಿ ದೊಡ್ಡ ಕಂಪೆನಿಯೊಂದು ಅದಕ್ಕೆ ಅಂಕ ಕೊಟ್ಟಿತ್ತು, ಲಕ್ಷಾಂತರ ಗಂಡಸರು ಅದನ್ನು ಸಹಜವೆಂದು ಆಡಿದರು ಎಂಬುದೂ ಚರಿತ್ರೆಯೇ. ನಾಳೆ ಹಳೆಯ ಆವೃತ್ತಿ ಎಲ್ಲಿಯೂ ಸಿಗದಂತಾದರೆ, ಅಂಥದ್ದೊಂದು ಇತ್ತೇ ಇಲ್ಲ ಎಂದಾಗುತ್ತದೆ. ತಪ್ಪನ್ನು ತಿದ್ದುವುದು ಬೇರೆ, ತಪ್ಪು ಮಾಡಿದ್ದನ್ನೇ ಮರೆಸುವುದು ಬೇರೆ.

ಇಲ್ಲಿಯೇ ನನ್ನ ಮುಖ್ಯ ತಕರಾರು ಬರುತ್ತದೆ. ಹೊಸದು ಎಷ್ಟೇ ಚೆನ್ನಾಗಿರಲಿ, ಹಳೆಯದನ್ನು ಅಂಗಡಿಯಿಂದ ತೆಗೆಯಬಾರದು. ಕ್ಯಾಪ್‌ಕಾಮ್ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತ್ತು. 2016ರಲ್ಲಿ ಹಳೆಯ ಆಟವನ್ನು ಹೆಚ್ಚು ಮುಟ್ಟದೆ ಕಂಪ್ಯೂಟರಿಗೂ ಆಗಿನ ಹೊಸ ಯಂತ್ರಗಳಿಗೂ ಹೊಂದಿಸಿ ಬಿಟ್ಟಿತ್ತು. ಅಳಿಯ ನನಗೆ ಎರಡನ್ನೂ ತೋರಿಸಲು ಆದದ್ದೇ ಅದರಿಂದ. ಎಲ್ಲರೂ ಹೀಗಿಲ್ಲ. 2021ರಲ್ಲಿ ರಾಕ್‌ಸ್ಟಾರ್ ಕಂಪೆನಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಮೂರು ಹಳೆಯ ಆಟಗಳಿಗೆ ಹೊಸ ರೂಪ ಕೊಡುವ ಮೊದಲೇ ಹಳೆಯವನ್ನು ಅಂತರ್ಜಾಲದ ಅಂಗಡಿಗಳಿಂದ ತೆಗೆಯಿತು. ಹೊಸದು ದೋಷಗಳ ಮೂಟೆಯಾಗಿ ಬಂತು. ಜನ ಬೊಬ್ಬೆ ಹೊಡೆದ ಮೇಲೆ ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ಮತ್ತೆ ಮಾರಾಟಕ್ಕಿಡಬೇಕಾಯಿತು. ಅಮೆರಿಕದಲ್ಲಿ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮೊದಲು ಅಲ್ಲಿ ಬಂದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ! ನೂರು ಪುಸ್ತಕದ ಕಪಾಟಿನಲ್ಲಿ ಹದಿಮೂರು ಉಳಿದ ಹಾಗೆ.

ನಮಗೆ ಇದು ಅರ್ಥವಾಗದ ಸಂಗತಿಯೇ? 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಹೊಸ ತಲೆಮಾರು ನೋಡಿತು, ಸಂತೋಷ. ಆದರೆ ಕಪ್ಪುಬಿಳುಪಿನ ಪ್ರತಿಯನ್ನು ಸುಟ್ಟುಬಿಡಿ ಎಂದು ಯಾರಾದರೂ ಹೇಳಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕಾಲಮಿತಿಗೆ ಇಳಿಸಿದ್ದೂ ಹಾಗೆಯೇ. ಮರುದಿನ ಕೆಲಸಕ್ಕೆ ಹೋಗುವವರಿಗೆ ಅದು ಬೇಕು. ಆದರೆ ಬೆಳಗಿನ ಜಾವದ ಪದಗಳನ್ನು ಹಾಡಬಲ್ಲವರು ಒಬ್ಬರೂ ಉಳಿಯದ ದಿನ, ನಾವು ಯಾವುದನ್ನು ಮಿತಿ ಮಾಡಿದೆವೆಂದು ತಿಳಿಸುವವರೂ ಇರುವುದಿಲ್ಲ.

ಭಾಷೆಯ ಮಾತನ್ನೂ ಹೇಳದಿರಲಾರೆ. ಹೊಸ ಆವೃತ್ತಿಯಲ್ಲಿ ಹಲವು ಭಾಷೆಗಳ ಅಕ್ಷರಗಳಿವೆ, ಕನ್ನಡ ಇಲ್ಲ. ಮಲಯಾಳವೂ ಇಲ್ಲ, ಆ ಮಟ್ಟಿಗೆ ಗಡಿ ಜಗಳ ಬೇಡ! ಆದರೆ ದನಿಯೂ ದೊಡ್ಡ ಅಕ್ಷರವೂ ಒಟ್ಟಿಗೆ ಬಂದದ್ದರಿಂದ, ಇಂಗ್ಲಿಷನ್ನು ಆರಾಮವಾಗಿ ಕೇಳಿ, ಓದಿ ಅರ್ಥ ಮಾಡಿಕೊಳ್ಳಲು ಕನ್ನಡ ಮಾಧ್ಯಮದವನಿಗೂ ಸಾಧ್ಯವಾಯಿತು. 2007ರಲ್ಲಿ ತನಗೆ ಇಂಗ್ಲಿಷ್ ಬಾರದು ಎಂದು ತಲೆ ತಗ್ಗಿಸಿದ್ದ ಅಳಿಯ ಮೊನ್ನೆ ಓಟಿಸ್ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ, ಒಂದು ಮಾತೂ ತಪ್ಪದೆ. ಅವತ್ತು ಮನಸ್ಸಿನಲ್ಲೇ ಅವನಿಗೆ ಕೊಟ್ಟಿದ್ದ ಕಡಿಮೆ ಅಂಕವನ್ನು ಮೊನ್ನೆ ತಿದ್ದಿಕೊಂಡೆ. ಅವನಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆದ್ದರಿಂದ ತಿದ್ದುವವರಿಗೆ, ಅವರು ಒಸಾಕಾದಲ್ಲಿರಲಿ ನಮ್ಮ ಪಠ್ಯಪುಸ್ತಕ ಸಮಿತಿಗಳಲ್ಲಿರಲಿ, ಈ ಮಾಷ್ಟ್ರ ಕೋರಿಕೆ ಮೂರೇ. ಕಾಣದ್ದನ್ನು ಕಾಣಿಸಿ. ಹೊರಬೇಕಾದ ಭಾರವನ್ನು ಹೊರಲು ಬಿಡಿ. ಹೊಸದು ಬಂತೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ.

ಮೂರನೆಯದನ್ನು ನಾವೂ ಮಾಡಬಹುದು. ಪುಸ್ತಕ ಬದಲಾದ ವರ್ಷ ನಮ್ಮ ಶಾಲೆಗಳಲ್ಲಿ ಹಳೆಯ ಕನ್ನಡ ಪಾಠಪುಸ್ತಕಗಳನ್ನು ಕಟ್ಟಿ ತೂಕಕ್ಕೆ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಈ ಸಲ ತರಗತಿಗೆ ಒಂದರಂತೆ ತೆಗೆದು ಕಪಾಟಿನಲ್ಲಿಟ್ಟಿದ್ದೇನೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಜಾಗ ಇದೆಯೇ, ಒಮ್ಮೆ ನೋಡಿ.